ಟಿಕ್ ಮಾರ್ಕಿನ ಸೋಮವಾರಗಳು

ನಿವೃತ್ತಿ ಎಂದರೆ ಜನ ನಗುತ್ತಾರೆ. ನನಗೀಗ ನಲವತ್ತೊಂದು ವರ್ಷ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಶಾಖೆ ಇದ್ದ ನಮ್ಮ ಧರ್ಮಾರ್ಥ ಆಸ್ಪತ್ರೆಯವರು, ರಕ್ತದ ಮಾದರಿಗಳನ್ನೆಲ್ಲ ಬೆಂಗಳೂರಿಗೆ ಕಳಿಸುವುದೆಂದು ತೀರ್ಮಾನಿಸಿ ಹೋದ ವರ್ಷ ಮೂರು ಲ್ಯಾಬುಗಳಿಗೂ ಬೀಗ ಹಾಕಿದರು. ಹಳಬರನ್ನು ಗೌರವದಿಂದಲೇ ಮನೆಗೆ ಕಳಿಸಿದರು. 1991ರ ಜೂನಿನಿಂದ 2009ರ ಜೂನಿನವರೆಗೆ ನಾನು ಅಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಹದಿನೆಂಟು ವರ್ಷದ ಕೆಲಸ, ಹತ್ತೊಂಬತ್ತು ಡೈರಿ. ಎಷ್ಟು ಪರೀಕ್ಷೆ ಮಾಡಿದೆ, ಎಷ್ಟು ತಪ್ಪು ಮಾಡಿದೆ, ಎರಡನ್ನೂ ಪ್ರತಿದಿನ ಬರೆದಿಟ್ಟಿದ್ದೇನೆ.

ನನ್ನ ಚಿಕ್ಕಮ್ಮನ ಮಗಳು ಈ ವರ್ಷ ಲ್ಯಾಬ್ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದಳು. ಮೊನ್ನೆ ಬಂದವಳು, ಈಗ ಎಲ್ಲ ಮೆಷಿನ್ನೇ ಮಾಡುತ್ತದೆ, ನಾವು ಕಲಿಯುವುದೇನಿದೆ ಅಕ್ಕ ಎಂದು ಕೇಳಿದಳು. ಅವಳಿಗೆ ಹೇಳಲು ಡೈರಿಗಳನ್ನು ಕೆಳಗಿಳಿಸಿದೆ. ಬಾಯಲ್ಲಿ ಹೇಳಿ ಮುಗಿಯುವಂಥದ್ದಲ್ಲ ಎಂದು ಬರೆಯುತ್ತಿದ್ದೇನೆ.

ಗುಬ್ಬಿಯ ಶಾಖೆಯಲ್ಲಿ ನನಗೆ ಕೆಲಸ ಕಲಿಸಿದವರು ರಂಗಪ್ಪನವರು. ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದ ಹಿರಿಯ ಟೆಕ್ನಿಷಿಯನ್, ಮಾತು ಕಡಿಮೆ. ಆಗ ಸಕ್ಕರೆ ಕಾಯಿಲೆಯ ಹೆಚ್ಚಿನ ಪರೀಕ್ಷೆ ಮೂತ್ರದಲ್ಲೇ ನಡೆಯುತ್ತಿತ್ತು. ಗಾಜಿನ ಕೊಳವೆಯಲ್ಲಿ ಐದು ಎಂ.ಎಲ್. ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಆಮೇಲೆ ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು ಬಂದರೆ ಸ್ವಲ್ಪ, ಹಳದಿ ಬಂದರೆ ಹೆಚ್ಚು, ಇಟ್ಟಿಗೆಯ ಬಣ್ಣ ಬಂದರೆ ಬಹಳ ಹೆಚ್ಚು. ರೋಗಿಗಳಿಗೂ ಈ ಬಣ್ಣಗಳು ಬಾಯಿಪಾಠವಾಗಿದ್ದವು. ಕಿಟಕಿಯಲ್ಲಿ ಇಣುಕಿ, ನಂದು ಇವತ್ತು ಹಸಿರಾ ತಾಯಿ ಎಂದು ಕೇಳುವ ಅಜ್ಜಿಯರಿದ್ದರು.

ಮೊದಲ ತಿಂಗಳಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಜನ ಮೂತ್ರವನ್ನು ಮನೆಯಲ್ಲಿ ಸಿಕ್ಕಿದ ಬಾಟಲಿಯಲ್ಲಿ ತರುತ್ತಿದ್ದರು. ಚಿಕ್ಕಣ್ಣ ಎಂಬ ರೈತ ತಂದದ್ದು ಕುದಿಸಿದ ಕೂಡಲೇ ಕಡುಗೆಂಪು ಇಟ್ಟಿಗೆಯಾಯಿತು. ಚೀಟಿ ಬರೆದು ಕೊಟ್ಟೆ. ಅಂದು ಡಾಕ್ಟರು ರಜೆ. ಮುಂದಿನ ವಾರ ಅವರನ್ನು ನೋಡಲು ಬಂದಾಗ ಚಿಕ್ಕಣ್ಣನ ಕೆನ್ನೆ ಒಳಗೆ ಹೋಗಿತ್ತು. ಎಂಟು ದಿನದಿಂದ ಬರೀ ಬೇವಿನ ಸೊಪ್ಪಿನ ರಸ ಮತ್ತು ಸೌತೆಕಾಯಿ. ಮಗಳ ಲಗ್ನವನ್ನು ಬೇಗ ಮುಗಿಸಿಬಿಡಬೇಕು, ಆಮೇಲೆ ನಾನು ಇರುತ್ತೇನೋ ಇಲ್ಲವೋ ಎಂದು ಬೀಗರ ಮನೆಗೂ ಹೋಗಿ ಬಂದಿದ್ದ. ರಂಗಪ್ಪನವರು ಅವನಿಗೆ ನಮ್ಮದೇ ತೊಳೆದ ಬಾಟಲಿ ಕೊಟ್ಟು ಮತ್ತೊಮ್ಮೆ ತರಿಸಿದರು. ಕುದಿಸಿದರೆ ಅಪ್ಪಟ ನೀಲಿ.

"ಮೊದ್ಲು ತಂದಿದ್ದು ಯಾವ ಬಾಟ್ಲೀಲಪ್ಪ?" ಎಂದು ಕೇಳಿದರು.

"ಜೇನುತುಪ್ಪದ್ದು ಸಾ. ಒಸಿ ತಳದಾಗಿತ್ತು. ತೊಳ್ಯಕ್ಕೆ ಮನಸ್ ಬರ್ಲಿಲ್ಲ."

ರಂಗಪ್ಪನವರು ನನ್ನನ್ನು ಬೈಯಲಿಲ್ಲ. ಚಿಕ್ಕಣ್ಣನಿಗೆ ಹೋಟೆಲಿನಲ್ಲಿ ಇಡ್ಲಿ ತಿನ್ನಲು ಹೇಳಿ ಕಳಿಸಿ, ನನ್ನ ಕಡೆ ತಿರುಗಿ, ಬಣ್ಣ ನೋಡೋದು ಯಾರು ಬೇಕಾದ್ರೂ ಕಲೀತಾರಮ್ಮ, ಅದು ಹೆಂಗ್ ಬಂತು ಅಂತ ಕೇಳೋದೇ ನಮ್ ಕೆಲಸ ಎಂದರು. ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡೆ. ಅರ್ಥವಾದದ್ದು ಏಳು ವರ್ಷದ ಮೇಲೆ.

1996ರಲ್ಲಿ ಕುಣಿಗಲ್ ಶಾಖೆಗೆ ವರ್ಗವಾಯಿತು. ನಮ್ಮೂರು ಕೊತ್ತಗೆರೆ ಕಡೆ, ಆದ್ದರಿಂದ ಸಂತೋಷವಾಯಿತು. ಅಷ್ಟು ಹೊತ್ತಿಗೆ ರಕ್ತಪರೀಕ್ಷೆ ಮಾಮೂಲಾಗಿತ್ತು. ಮೂತ್ರದ ಬಣ್ಣ ಹೇಳುತ್ತಿದ್ದುದು ಅರ್ಧ ಸತ್ಯ. ರಕ್ತದಲ್ಲಿ ಸಕ್ಕರೆ ನೂರಾ ಎಂಬತ್ತರ ಹತ್ತಿರ ಹೋಗುವವರೆಗೆ ಮೂತ್ರಕ್ಕೆ ಅದು ಇಳಿಯುವುದೇ ಇಲ್ಲ. ಗುಬ್ಬಿಯಲ್ಲಿ ನೀಲಿ ನೋಡಿ ಖುಷಿಯಿಂದ ಮನೆಗೆ ಹೋದ ಎಷ್ಟು ಜನರಿಗೆ ಒಳಗೊಳಗೇ ಕಾಯಿಲೆ ಶುರುವಾಗಿತ್ತೋ ಎಂದು ಯೋಚಿಸಿ ಬೇಸರಪಟ್ಟದ್ದೂ ಡೈರಿಯಲ್ಲಿದೆ. ಖಾಲಿ ಹೊಟ್ಟೆಯ ರಕ್ತದಲ್ಲಿ ಕಾಯಿಲೆಯ ಗೆರೆ ನಾನು ಸೇರಿದಾಗ ನೂರಾ ನಲವತ್ತರಲ್ಲಿತ್ತು, ಆಮೇಲೆ ನೂರಾ ಇಪ್ಪತ್ತಾರಕ್ಕೆ ಇಳಿಸಿದರು.

ಕುಣಿಗಲ್ಲಿನಲ್ಲಿ ನಾನೊಂದು ಪದ್ಧತಿ ಶುರು ಮಾಡಿದೆ. ಉದ್ದನೆಯ ಪುಸ್ತಕದಲ್ಲಿ ಗೆರೆ ಹಾಕಿ, ಒಬ್ಬೊಬ್ಬ ರೋಗಿಗೆ ಒಂದು ಸಾಲು, ತಿಂಗಳಿಗೊಂದು ಮನೆ. ತಿಂಗಳ ಮೊದಲ ಸೋಮವಾರ ಎಲ್ಲರೂ ಬರಬೇಕು. ಅಂಕಿ ಹತೋಟಿಯಲ್ಲಿದ್ದರೆ ಪಕ್ಕದಲ್ಲಿ ಕೆಂಪು ಇಂಕಿನ ಟಿಕ್. ಇಲ್ಲದಿದ್ದರೆ ಏನೂ ಇಲ್ಲ, ಒಂದು ಸಣ್ಣ ಉಪದೇಶ. ಚೀಟಿ ಕೊಡುವಾಗ "ಈ ತಿಂಗಳು ಪಾಸ್" ಎನ್ನುತ್ತಿದ್ದೆ. ಜನರಿಗೆ ಇದು ಬಹಳ ಹಿಡಿಸಿತು. ಪುಸ್ತಕ ತಿರುಗಿಸಿ ತಮ್ಮ ಸಾಲು ನೋಡುವರು, ಪಕ್ಕದವರದ್ದನ್ನೂ ನೋಡಿ ಛೇಡಿಸುವರು. ನನಗೂ ಹೆಮ್ಮೆ. ಟಿಕ್‌ಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು.

ಆ ಪುಸ್ತಕದಲ್ಲಿ ಎಲ್ಲರಿಗಿಂತ ಮುಂದಿದ್ದವರು ಗೌಸ್ ಸಾಹೇಬರು. ಪೇಟೆಯಲ್ಲಿ ಟೈಲರ್ ಅಂಗಡಿ, ಶಾಲೆಯ ಯೂನಿಫಾರಂ ಹೊಲಿಯುವುದರಲ್ಲಿ ಹೆಸರುವಾಸಿ. ಐವತ್ತೆರಡು ವರ್ಷ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸದಾ ಸುತ್ತಿಟ್ಟ ಅಳತೆ ಟೇಪು. 1997ರ ಫೆಬ್ರವರಿಯಲ್ಲಿ ಮೊದಲ ಸಲ ಬಂದಾಗ 246 ಇತ್ತು. ನಮ್ಮ ಶಾಖೆಯ ಡಾಕ್ಟರಮ್ಮ ಮಾತ್ರೆ ಬರೆದರು. ಏಪ್ರಿಲ್‌ನಿಂದ ಮುಂದಿನ ವರ್ಷದ ಮೇ ತಿಂಗಳವರೆಗೆ ಹದಿನಾಲ್ಕು ತಿಂಗಳು, ಹದಿನಾಲ್ಕೂ ಟಿಕ್. ಉಳಿದವರಿಗೆಲ್ಲ ನಾನು ಅವರ ಸಾಲು ತೋರಿಸಿ, ಸಾಹೇಬ್ರನ್ನ ನೋಡಿ ಕಲೀರಿ ಎನ್ನುತ್ತಿದ್ದೆ. ಅವರು ನಾಚಿಕೊಂಡು ತಲೆ ತಗ್ಗಿಸುತ್ತಿದ್ದರು. ನಾನು ಅದನ್ನು ವಿನಯ ಎಂದುಕೊಂಡಿದ್ದೆ.

1998ರ ಮೇ ತಿಂಗಳ ಸೋಮವಾರ ಅವರದ್ದು 108. ಸ್ವಲ್ಪ ಕುಂಟುತ್ತಿದ್ದರು. ಕೇಳಿದರೆ ಚಪ್ಪಲಿ ಕಚ್ಚಿದೆ ಎಂದರು. ಟಿಕ್ ಹಾಕಿ ಕಳಿಸಿದೆ.

ಆ ಗುರುವಾರ ಅವರ ಹೆಂಡತಿ ಜೈಬೂನಮ್ಮ ಒಬ್ಬರೇ ಲ್ಯಾಬಿಗೆ ಬಂದರು. ಬುರ್ಖಾದ ಮುಖಪರದೆ ಎತ್ತಿ, ಬೆಂಚಿನ ತುದಿಯಲ್ಲಿ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು.

"ಮೇಡಮ್, ನೀವು ಕೆಂಪು ಟಿಕ್ ಹಾಕ್ತೀರಲ್ಲ, ಅದು ನಿಲ್ಸಿಬಿಡಿ. ಅದಕ್ಕೋಸ್ಕರ ಅವ್ರು ಶುಕ್ರವಾರ ರಾತ್ರಿಯಿಂದ ಊಟ ಬಿಡ್ತಾರೆ. ಮಜ್ಜಿಗೆ ಒಂದೇ. ಭಾನುವಾರ ಮಾತ್ರೆ ಎರಡೆರಡು ನುಂಗ್ತಾರೆ. ಸೋಮವಾರ ನಿಮ್ ಹತ್ರ ಬಂದು ಪಾಸಾಗಿ, ಮನೆಗ್ ಬಂದು ತಟ್ಟೆ ತುಂಬಾ ತಿಂತಾರೆ. ಉಳಿದ ದಿನ ಮಾತ್ರೆ ನೆನಪೇ ಇರಲ್ಲ. ಈಗ ಕಾಲು ನೋಡಿದ್ರೆ ನಂಗೆ ಭಯ ಆಗ್ತದೆ."

ಅವರು ಹೋದ ಮೇಲೆ ಪುಸ್ತಕ ತೆಗೆದು ನೋಡಿದೆ. ಹದಿನಾಲ್ಕು ಅಂಕಿಗಳೂ ಮೊದಲ ಸೋಮವಾರದವು. ನಡುವಿನ ನಾಲ್ಕು ನೂರಕ್ಕೂ ಹೆಚ್ಚು ದಿನಗಳ ಬಗ್ಗೆ ನನ್ನ ಪುಸ್ತಕಕ್ಕೆ ಏನೂ ಗೊತ್ತಿರಲಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆ ಈಗ ಎಲ್ಲೆಡೆ ಇದೆ, ಆಗ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ಆದರೆ ಶನಿವಾರ ಏನು ತಿಂದಿರಿ ಎಂದು ಕೇಳಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ.

ಡಾಕ್ಟರಮ್ಮನ ಎದುರು ಪುಸ್ತಕ ಇಟ್ಟು ಎಲ್ಲ ಹೇಳಿದೆ. ಕೆಲಸ ಹೋದರೂ ಹೋಗಲಿ ಎಂದುಕೊಂಡಿದ್ದೆ. ಅವರು ಹಾಳೆ ತಿರುವಿ ನೋಡಿ, "ಅವರು ನಮಗೆ ಮೋಸ ಮಾಡ್ಲಿಲ್ಲಮ್ಮ. ನಾವು ಏನು ಕೇಳಿದ್ವೋ ಅದನ್ನೇ ತಂದು ಕೊಟ್ರು. ಅಂಕಿ ನೋಡಿ ನಾನೂ ಮಾತ್ರೆ ಬದಲಾಯಿಸ್ಲಿಲ್ಲ, ಕಾಲೂ ನೋಡ್ಲಿಲ್ಲ. ಈಗ್ಲೇ ಅವ್ರನ್ನ ಕರೆಸಿ" ಎಂದರು. ತಪ್ಪನ್ನು ನನ್ನ ತಲೆಗೆ ಕಟ್ಟದೆ ಅರ್ಧ ತಾವೇ ಹೊತ್ತ ಆ ಹೆಂಗಸನ್ನು ನಾನು ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಅದೇ ಮಧ್ಯಾಹ್ನ ಗೌಸ್ ಸಾಹೇಬರು ಬಂದರು. ಊಟ ಮಾಡಿ ಎರಡು ಗಂಟೆಯಾಗಿತ್ತು. ರಕ್ತ ತೆಗೆದು ನೋಡಿದರೆ 318. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿಸಿದಾಗ ಬಲಪಾದದ ಅಡಿಯಲ್ಲಿ, ಕಿರುಬೆರಳಿನ ಬುಡದಲ್ಲಿ ಕಪ್ಪಾದ ಗಾಯ ಕಂಡಿತು. ಅರಿಸಿನ, ಕೊಬ್ಬರಿ ಎಣ್ಣೆ ಮೆತ್ತಿತ್ತು.

ಆದದ್ದು ಇಷ್ಟು. ಜೂನಿನ ಶಾಲೆಗೆ ಯೂನಿಫಾರಂ ಹೊಲಿಯುವ ಕಾಲ. ಅವರು ಮೆಷಿನ್ನನ್ನು ಬರಿಗಾಲಲ್ಲೇ ತುಳಿಯುವವರು. ಮುರಿದ ಸೂಜಿಯ ಚೂರೊಂದು ಅಂಗಾಲಿಗೆ ಹೊಕ್ಕಿದೆ. ನೋವೇ ಆಗಿಲ್ಲ. ಸಕ್ಕರೆ ಹೆಚ್ಚಾಗಿ ಪಾದದ ನರಗಳು ಮಂಕಾಗಿದ್ದವು. ಪೆಡಲಿನ ಮೇಲೆ ರಕ್ತ ಕಂಡು, ಬಿಳಿ ಅಂಗಿಗಳಿಗೆ ಕಲೆಯಾದೀತೆಂದು ಗಾಬರಿಯಾಗಿ ಬಟ್ಟೆಗಳನ್ನು ಎತ್ತಿಟ್ಟಿದ್ದಾರೆ. ಕಾಲು ನೋಡಿಕೊಂಡದ್ದು ಆಮೇಲೆ. ಸೀಸನ್ ಮುಗಿಯುವವರೆಗೆ ಯಾರಿಗೂ ಹೇಳುವುದು ಬೇಡ ಎಂದು ಮೂರು ವಾರ ತಳ್ಳಿದ್ದಾರೆ.

ತುಮಕೂರಿನ ಸರ್ಜನ್ ನೋಡಿ, ವಿಷ ಮೇಲೇರಿದರೆ ಹಿಮ್ಮಡಿಯ ಮೇಲಿನಿಂದ ಕಾಲು ತೆಗೆಯಬೇಕಾದೀತು, ಹತ್ತು ದಿನ ನೋಡೋಣ ಎಂದರು. ಅವರನ್ನು ಸೇರಿಸಿದ ಮೂರನೆಯ ದಿನ ನಾನು ತುಮಕೂರಿಗೆ ಹೋದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಅವರ ಮಂಚದ ಪಕ್ಕ ನಿಂತಾಗ ಮರೆತುಹೋಯಿತು. ತಪ್ಪು ನಂದು ಸಾಹೇಬ್ರೆ ಎಂದೆ.

"ನಿಮ್ದೇನಿಲ್ಲ ಬಿಡಿ ಮೇಡಮ್," ಎಂದರು. "ನಾಲ್ಕು ಜನದ್ ಮುಂದೆ ನನ್ ಸಾಲು ತೋರಿಸ್ತಿದ್ರಿ. ಓದಿದವನಲ್ಲ ನಾನು. ಜಿಂದಗೀಲಿ ಯಾರೂ ನನ್ನ ಪುಸ್ತಕಕ್ಕೆ ಟಿಕ್ ಹಾಕಿರ್ಲಿಲ್ಲ." ಆಮೇಲೆ ಬ್ಯಾಂಡೇಜಿನ ಕಡೆ ನೋಡಿ, "ಬಲಗಾಲು ಹೋದ್ರೆ ನಾನು ಟೈಲರ್ ಅಲ್ಲ. ಅದೊಂದು ಉಳಿಸ್ಕೊಡಿ ಅಂತ ಡಾಕ್ಟ್ರಿಗೆ ಹೇಳಿ" ಎಂದರು.

ಎರಡು ಬೆರಳು ಹೋದವು. ಕಾಲು ಉಳಿಯಿತು. ಇನ್ಸುಲಿನ್, ದಿನಾ ಡ್ರೆಸಿಂಗ್, ಅಗಸ್ಟ್ ಕೊನೆಯವರೆಗೆ. ಕುಣಿಗಲ್ಲಿಗೆ ವಾಪಸು ಬಂದ ಮೇಲೆ ನಮ್ಮ ಡ್ರೆಸಿಂಗ್ ರೂಮಿನ ಸಿಸ್ಟರ್ ಒಂದು ದಿನವೂ ತಪ್ಪಿಸದೆ ಆ ಗಾಯ ತೊಳೆದರು, ಭಾನುವಾರ ಅವರ ಮನೆಗೇ ಹೋಗಿ. ನನ್ನ ಡೈರಿಯಲ್ಲಿ ಐವತ್ತೇಳು ಡ್ರೆಸಿಂಗ್ ಎಂದಿದೆ. ಸಿಸ್ಟರ್ ಅರವತ್ತು ಎನ್ನುತ್ತಾರೆ. ಅವರದ್ದೇ ಸರಿ ಇರಬೇಕು.

ಆ ವಾರಗಳಲ್ಲೇ ಕೆಂಪು ಇಂಕು ನಿಂತಿತು. ಪುಸ್ತಕದಲ್ಲಿ ಅಂಕಿಯ ಪಕ್ಕ ಹೊಸ ಮನೆಗಳನ್ನು ಗೆರೆ ಎಳೆದೆ. ಕೊನೆಯ ಊಟ ಯಾವಾಗ, ಏನು. ಮಾತ್ರೆ ತಪ್ಪಿದ ದಿನ ಎಷ್ಟು. ಪಾದ ನೋಡಿದ್ದಾಯಿತೋ ಇಲ್ಲವೋ. ಸೋಮವಾರದ ಕಟ್ಟುಪಾಡು ತೆಗೆದುಹಾಕಿದೆವು. ಯಾರದ್ದೇ ಅಂಕಿಯನ್ನು ಇನ್ನೊಬ್ಬರಿಗೆ ಹೇಳುವುದನ್ನು ನಿಲ್ಲಿಸಿದೆವು. ಮೊದಲ ತಿಂಗಳು ಅಂಕಿಗಳೆಲ್ಲ ಒಮ್ಮೆಲೇ ಕೆಟ್ಟವು. ಅವು ಕೆಟ್ಟದ್ದಲ್ಲ, ಬಾಯಿಬಿಟ್ಟದ್ದು ಎಂದರು ಡಾಕ್ಟರಮ್ಮ. ಎಷ್ಟು ಜನ ಸೋಮವಾರಕ್ಕಾಗಿ ಉಪವಾಸ ಮಾಡುತ್ತಿದ್ದರು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದೆ. ಒಂಬತ್ತು ಜನ ಒಪ್ಪಿಕೊಂಡರು.

ನನ್ನ ತಾಯಿಗೂ ಸಕ್ಕರೆ ಕಾಯಿಲೆ ಇತ್ತು. ಏಳು ವರ್ಷ ಊರವರ ರಕ್ತ ನೋಡಿದವಳು ನನ್ನದನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ ಎಂಬುದು ಆಗಲೇ ಹೊಳೆಯಿತು. ನೋಡಿಕೊಂಡೆ, ಗೆರೆಯ ಈಚೆಗಿತ್ತು. ಅಂದಿನಿಂದ ವರ್ಷಕ್ಕೊಮ್ಮೆ ತಪ್ಪಿಸಿಲ್ಲ. ಹೊಸದಾಗಿ ಸೇರುವವರು ಮೊದಲ ವಾರದಲ್ಲೇ ಇದನ್ನು ಮಾಡಿ.

ನವೆಂಬರಿನ ಒಂದು ಬುಧವಾರ ಗೌಸ್ ಸಾಹೇಬರು ಹೇಳದೆ ಕೇಳದೆ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ ಹಾಕಿದ್ದರು. ಮೆಷಿನ್ ತುಳಿಯುವಾಗಲೂ ಅದೇ ಎಂದರು. ಅಕ್ಕನ ಮಗಳ ಮದುವೆಯ ಊಟ ಮುಗಿಸಿ ನೇರವಾಗಿ ಬಂದಿದ್ದರು. 212 ಬಂತು. "ಬಿರಿಯಾನಿ ಎರಡು ಸಲ ಹಾಕಿಸ್ಕೊಂಡೆ. ಬರ್ಕೊಳ್ಳಿ" ಎಂದರು. ಆ ಪುಸ್ತಕದಲ್ಲಿ ನಾನು ಅಷ್ಟು ಸಂತೋಷದಿಂದ ಬರೆದ ಅಂಕಿ ಇನ್ನೊಂದಿಲ್ಲ.

2002ರಲ್ಲಿ ತುಮಕೂರಿನ ಶಾಖೆಗೆ ಬಂದೆ. ಬೆರಳ ತುದಿಯ ಒಂದು ಹನಿಯಲ್ಲಿ ಅಂಕಿ ಹೇಳುವ ಕೈಯಗಲದ ಮೆಷಿನ್ ಬಂದಿತ್ತು. ಅದನ್ನು ತೆಗೆದುಕೊಂಡು ಊರ್ಡಿಗೆರೆಯಂಥ ಹೋಬಳಿಗಳಿಗೆ ಹೋಗಿ ಶಿಬಿರ ನಡೆಸುತ್ತಿದ್ದೆವು. ಅಲ್ಲಿ ಎಲ್ಲರೂ ಹೇಳುತ್ತಿದ್ದುದು ಒಂದೇ, ನಾವು ರಾಗಿ ಮುದ್ದೆ ತಿನ್ನೋರು, ನಮಗೆಲ್ಲಿ ಬತ್ತದೆ ಶುಗರ್ರು. ಡಾಕ್ಟರಮ್ಮನೂ ತುಮಕೂರಿಗೇ ಬಂದಿದ್ದರು. ರಾಗಿ ಒಳ್ಳೆಯದೇ, ಆದರೆ ಹೊಲಕ್ಕೆ ಹೋಗುವುದನ್ನು ಬಿಟ್ಟು ಬೈಕಿನಲ್ಲೇ ಓಡಾಡುತ್ತ ಹಳೆಯ ಅಳತೆಯಲ್ಲೇ ಎರಡು ಮುದ್ದೆ ನುಂಗಿದರೆ ಆಗುವುದಿಲ್ಲ, ಒಂದು ಮುದ್ದೆ ತೆಗೆದು ಆ ಜಾಗಕ್ಕೆ ಸೊಪ್ಪು, ಕಾಳು ಹಾಕಿ ಎಂದು ಅವರು ಪ್ರತಿ ಊರಲ್ಲೂ ಹೇಳುತ್ತಿದ್ದರು.

2004ರ ಅಗಸ್ಟಿನಲ್ಲಿ ಗೌಸ್ ಸಾಹೇಬರು ಮಗ ಇರ್ಫಾನನನ್ನು ಕರೆದುಕೊಂಡು ಬಂದರು. ಅವನಿಗೆ ಮೂವತ್ತು ವರ್ಷ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿ, ರೆಡಿಮೇಡ್ ಬಟ್ಟೆಯ ಅಂಗಡಿ ಇಟ್ಟಿದ್ದ. ಸ್ಟೂಲಿನ ಮೇಲೆ ಕೂತು ತೋಳು ಮಡಚುತ್ತ, ಮೂರು ದಿನದಿಂದ ಅನ್ನ ಮುಟ್ಟಿಲ್ಲ ಮೇಡಮ್, ಚೆನ್ನಾಗೇ ಬರ್ತದೆ ಎಂದ.

ಸಾಹೇಬರು ಅವನ ತೋಳು ಹಿಡಿದು ಎಬ್ಬಿಸಿದರು. "ಇವತ್ತು ಇವನ ರಕ್ತ ತಗೋಬೇಡಿ ಮೇಡಮ್. ಅದು ಸುಳ್ಳು ಹೇಳ್ತದೆ." ಆಮೇಲೆ ಬಲಗಾಲಿನ ಚಪ್ಪಲಿ ಬಿಚ್ಚಿ, ಪಾದವನ್ನು ಆ ಸ್ಟೂಲಿನ ಮೇಲೆ ಇಟ್ಟರು. ಮಗ ಅದನ್ನು ಮನೆಯಲ್ಲಿ ಎಷ್ಟೋ ಸಲ ನೋಡಿದ್ದಿರಬೇಕು. ಆದರೂ ಬೇರೆ ಕಡೆ ತಿರುಗಿದ. "ನೋಡೋ," ಎಂದರು ತಂದೆ, "ಪಾಸಾಗಕ್ಕೆ ಹೋಗಿ ಹಿಂಗಾಗಿದ್ದು. ಮನೇಲಿ ದಿನಾ ಹೆಂಗಿರ್ತೀಯೋ ಹಂಗೇ ಇದ್ದು ಬಾ."

ಎಂಟು ದಿನ ಬಿಟ್ಟು, ಎಂದಿನಂತೆ ಉಂಡು ತಿಂದು, ರಾತ್ರಿಯ ಊಟದ ನಂತರ ಬರೀ ನೀರು ಕುಡಿದು ಬಂದ. 116. ಕಾಯಿಲೆಯ ಗೆರೆ ದಾಟಿಲ್ಲ, ನೂರರ ಕೆಳಗೂ ಇಲ್ಲ. ನಡುವಿನ ಜಾಗ.

ಡಾಕ್ಟರಮ್ಮ ಅವನಿಗೆ ಅವನ ಅಂಗಡಿಯ ಭಾಷೆಯಲ್ಲೇ ವಿವರಿಸಿದರು. ತಿಂದದ್ದು ಸಕ್ಕರೆಯಾಗಿ ರಕ್ತಕ್ಕೆ ಬರುವುದು, ಅಂಗಡಿಗೆ ಬಟ್ಟೆಯ ದೊಡ್ಡ ಗಂಟು, ಬೇಲು ಬಂದ ಹಾಗೆ. ಇನ್ಸುಲಿನ್ ಎಂಬುದು ಬೇಲನ್ನು ಒಳಗೆ ಜೋಡಿಸುವ ಕೆಲಸಗಾರ. ಹೊಟ್ಟೆಯ ಸುತ್ತ ಕೊಬ್ಬು ಸೇರಿದರೆ, ದಿನವಿಡೀ ಕೂತೇ ಇದ್ದರೆ, ಬಾಗಿಲು ಇಕ್ಕಟ್ಟಾಗಿ ಕೆಲಸಗಾರ ದುಪ್ಪಟ್ಟು ದುಡಿದು ಸುಸ್ತಾಗುತ್ತಾನೆ, ಬೇಲುಗಳು ಬೀದಿಯಲ್ಲೇ ಉಳಿಯುತ್ತವೆ. ನಿಮ್ಮ ಕೆಲಸಗಾರ ಈಗ ಸುಸ್ತಾಗಿದ್ದಾನೆ, ಇನ್ನೂ ಕೆಲಸ ಬಿಟ್ಟಿಲ್ಲ ಎಂದರು. ತಂದೆಯಿಂದ ಬಂದದ್ದನ್ನು ಬದಲಿಸಲಾಗದು, ಸೊಂಟವನ್ನು ಬದಲಿಸಬಹುದು. ಗಂಡಸರಿಗೆ ಮೂವತ್ತೈದೂವರೆ ಇಂಚು, ಹೆಂಗಸರಿಗೆ ಮೂವತ್ತೊಂದೂವರೆ ದಾಟಬಾರದು.

ನಂದು ಮೂವತ್ತಾರು ಅಷ್ಟೇ ಎಂದ ಇರ್ಫಾನ್. ಸಾಹೇಬರ ಕೈ ಜೇಬಿಗೆ ಹೋಯಿತು. ಟೇಪು ಬಿಚ್ಚಿ, ಹೊಕ್ಕುಳಿನ ಮಟ್ಟಕ್ಕೆ ಸುತ್ತಿ, ಓದಿದರು. ನಲವತ್ತೊಂದು. "ಎಲ್ರೂ ಹಿಂಗೇ ಮೇಡಮ್," ಎಂದರು. "ಪ್ಯಾಂಟು ಹೊಟ್ಟೆ ಕೆಳಗೆ ಕಟ್ಕೊಂಡು ಮೂವತ್ತಾರು ಅಂತಾರೆ. ನಾವು ಟೈಲರ್‌ಗಳು ಮರ್ಯಾದೆಗೆ ಸುಮ್ನಿರ್ತೀವಿ." ಡಾಕ್ಟರಮ್ಮ ನಕ್ಕರು, ಇರ್ಫಾನನೂ ನಕ್ಕ.

ಅಂದಿನಿಂದ ಸಾಹೇಬರು ಸುಮ್ಮನಿರುವುದನ್ನು ಬಿಟ್ಟರು. ಪ್ಯಾಂಟಿಗೆ ಅಳತೆ ಕೊಡಲು ಬಂದವರ ಹೊಕ್ಕುಳಿನ ಮಟ್ಟದ ಅಳತೆಯನ್ನೂ ತೆಗೆದು, ಹೆಚ್ಚಿದ್ದರೆ ಒಂದು ಚೀಟಿಯಲ್ಲಿ ಬರೆದು ಕುಣಿಗಲ್ ಶಾಖೆಗೆ ಕಳಿಸುತ್ತಿದ್ದರು. ಕೆಲವರು ಸಿಟ್ಟಾಗಿ ಬೇರೆ ಟೈಲರ್ ಹತ್ತಿರ ಹೋದದ್ದೂ ಉಂಟಂತೆ. ಒಂದು ವರ್ಷದಲ್ಲಿ ಹಾಗೆ ಬಂದವರು ಹನ್ನೊಂದು ಜನ, ನಾಲ್ವರದ್ದು ನಡುವಿನ ಜಾಗದ ಅಂಕಿ ಎಂದು ಅಲ್ಲಿನ ಟೆಕ್ನಿಷಿಯನ್ ನನಗೆ ತಿಳಿಸಿದರು.

ಇರ್ಫಾನ್ ಮಾಡಿದ್ದು ದೊಡ್ಡದೇನಲ್ಲ. ಅಂಗಡಿಯಲ್ಲಿ ದಿನಕ್ಕೆ ಎಂಟು ಟೀ ಕುಡಿಯುತ್ತಿದ್ದವನು ಎರಡಕ್ಕಿಳಿಸಿ, ಸಕ್ಕರೆ ಬಿಟ್ಟ. ಮನೆಯಿಂದ ಅಂಗಡಿಗೆ ಬೈಕು ಬಿಟ್ಟು ನಡೆದ, ಹೋಗುತ್ತ ಬರುತ್ತ ಒಟ್ಟು ನಲವತ್ತು ನಿಮಿಷ. ರಾತ್ರಿಯ ಅನ್ನ ಅರ್ಧ ಮಾಡಿ ತರಕಾರಿ, ಬೇಳೆ ಹೆಚ್ಚಿಸಿದ. ಸಿಗರೇಟು ಬಿಡಲು ಮೂರು ಸಲ ಪ್ರಯತ್ನಿಸಿ ಮೂರನೆಯ ಸಲ ಗೆದ್ದ. ಮಧ್ಯೆ ಎರಡು ತಿಂಗಳು ಎಲ್ಲ ಬಿಟ್ಟು ಮೊದಲಿನಂತಾಗಿದ್ದ. ಬಂದು ಹಾಗೆಯೇ ಹೇಳಿದ, ಹಾಗೆಯೇ ಬರೆದುಕೊಂಡೆ. 116, 113, 117, 108, 104.

2005ರ ನವೆಂಬರಿನಲ್ಲಿ, ರಂಜಾನ್ ಹಬ್ಬ ಕಳೆದ ಮುಂದಿನ ವಾರ, ತಂದೆ ಮಗ ಇಬ್ಬರೂ ಬಂದರು. ಸೊಂಟ ಮೂವತ್ತೇಳು, ಸಾಹೇಬರದ್ದೇ ಟೇಪು. ರಕ್ತದಲ್ಲಿ 97. ಚೀಟಿಯನ್ನು ಇರ್ಫಾನನ ಕೈಗೆ ಕೊಟ್ಟೆ, ಅವನು ತಂದೆಗೆ ಕೊಟ್ಟ. ಸಾಹೇಬರು ಚೀಟಿ ನೋಡಿ ಖುಷಿಪಡಲಿಲ್ಲ, ಮನೆಮಾತಿನಲ್ಲಿ ಅವನನ್ನು ಏನೋ ಕೇಳಿದರು. ಅವನು ಉತ್ತರಿಸಿದ. ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳಿದರು:

"ನಿನ್ನೆ ಮಾವನ ಮನೇಲಿ ಶೀರ್ ಖುರ್ಮಾ, ಹಬ್ಬದ ಶಾವಿಗೆ ಪಾಯಸ, ಕೊಟ್ರಂತೆ. ಅರ್ಧ ಬಟ್ಲು ತಿಂದು ನಡ್ಕೊಂಡು ಮನೆಗೆ ಬಂದನಂತೆ. ಹಂಗಾದ್ರೆ ಈ ನಂಬರು ನಿಜ ಮೇಡಮ್."

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಟೇಪಿನ ಜೊತೆ ಜೇಬಿಗಿಟ್ಟರು. ಅಂಗಡಿಯಲ್ಲಿ ಮದುವೆಯ ಬಟ್ಟೆಗಳ ಕೆಲಸ ಬಾಕಿ ಇತ್ತು. ಟೀ ಕುಡಿದು ಹೋಗಿ ಎಂದರೂ ನಿಲ್ಲಲಿಲ್ಲ. ನಾನು ಲ್ಯಾಬಿನ ಕಿಟಕಿಯಿಂದ ನೋಡುತ್ತಿದ್ದೆ. ಕುಣಿಗಲ್ ಬಸ್ಸು ಬಂದು ನಿಂತಿತು. ಮಗ ಕೈ ಕೊಡಲು ಬಂದ. ಅವರು ಬೇಡವೆಂದು ತಲೆಯಾಡಿಸಿ, ಬಾಗಿಲ ಕಂಬಿ ಹಿಡಿದು, ಮೊದಲು ಬಲಗಾಲು ಇಟ್ಟು ಮೆಟ್ಟಿಲು ಹತ್ತಿದರು.